ಗೌರಕ್ಕ ಪರದೆಯ ಮೇಲೆ ಮೂಡಿದ ಬಗೆ



ಚಿತ್ರ ಬರೆಯುವ ಬಗ್ಗೆ ಬಾನುಲಿಯಲ್ಲಿ ಮಾತಾಡಿ ಅಂದಾಗ ನನಗೆ ನಗು ಬಂತು. ತೋರಿಸಬೇಕಾದ್ದನ್ನು ಬಾಯಲ್ಲಿ ಹೇಳಿ ದಡ ಮುಟ್ಟಿಸುವುದು ಹೇಗೆ? ಆಮೇಲೆ ಅನ್ನಿಸಿತು, ಇದರಲ್ಲಿ ಒಂದು ಅನುಕೂಲವೂ ಉಂಟು. ಒಳ್ಳೆಯ ಕಾಮಿಕ್ ಪಾತ್ರವನ್ನು ನಾಲ್ಕು ಮಾತಿನಲ್ಲಿ ಹೇಳಿದರೆ ಕೇಳಿದವರ ಕಣ್ಣ ಮುಂದೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಅದು ಕಾಗದದ ಮೇಲೂ ನಿಲ್ಲುವುದಿಲ್ಲ.

ಪರೀಕ್ಷೆ ಮಾಡೋಣ. ಬೋಳುತಲೆ, ಕಿವಿಯ ಹಿಂದೆ ಒಂದಿಷ್ಟು ಕೆದರಿದ ಕೂದಲು, ಪೊದೆ ಮೀಸೆ, ಮೂಗಿನ ಮೇಲೆ ಕನ್ನಡಕ, ಚೌಕುಳಿ ಕೋಟು, ಕೆಳಗೆ ಪಂಚೆ. ಹೆಸರು ಹೇಳುವ ಮೊದಲೇ ನಿಮಗೆ ಗೊತ್ತಾಯಿತು: ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ನಗೆಚಿತ್ರ ಬರೆದ ಲಕ್ಷ್ಮಣ್ ಮುಂಬಯಿಗೆ ಹೋಗಿ 1951ರಲ್ಲಿ ಈ ಮನುಷ್ಯನನ್ನು ಪತ್ರಿಕೆಯ ಮೂಲೆಯಲ್ಲಿ ನಿಲ್ಲಿಸಿದರು. ಮೊದಮೊದಲು ಅವರು ಚಿತ್ರದೊಳಗೆ ಒಂದು ಗುಂಪನ್ನೇ ತುಂಬುತ್ತಿದ್ದರಂತೆ. ಬಂಗಾಳಿ, ತಮಿಳ, ಪಂಜಾಬಿ, ಹೀಗೆ ದೇಶದ ಎಲ್ಲರೂ ಅಲ್ಲಿರಬೇಕಲ್ಲ! ದಿನಾ ಬೆಳಗಾದರೆ ಅಚ್ಚಿಗೆ ಹೋಗಬೇಕಾದ ಚಿತ್ರ ಅದು. ಹೊತ್ತು ಸಾಲದೆ ಒಬ್ಬೊಬ್ಬರನ್ನೇ ಕಳಿಸಿಕೊಡುತ್ತ ಬಂದು ಕೊನೆಗೆ ಒಬ್ಬನೇ ಉಳಿದ. ಉಳಿದವನು ಬಾಯಿ ಬಿಡಲಿಲ್ಲ. 1988ರಲ್ಲಿ ಅಂಚೆ ಚೀಟಿಯ ಮೇಲೂ ಬಂದ, ಅಲ್ಲೂ ಮೌನವೇ.

ನಾನು ಹೇಳಹೊರಟಿರುವುದು ಇಷ್ಟು ದೊಡ್ಡವರ ಕಥೆಯನ್ನಲ್ಲ. ಸಾತನೂರಿನಲ್ಲಿ ಕೂತು, ಲ್ಯಾಪ್‌ಟಾಪಿಗೆ ಒಂದು ಪೆನ್ ಟ್ಯಾಬ್ಲೆಟ್ ಸಿಕ್ಕಿಸಿಕೊಂಡು, ಗೀಚಿನಿಂದ ಹಿಡಿದು ಬಣ್ಣದವರೆಗೆ ಒಂದು ಪಾತ್ರ ಹೇಗೆ ರೂಪಕ್ಕೆ ಬರುತ್ತದೆ ಅನ್ನುವುದನ್ನು. ಪಾತ್ರದ ಹೆಸರು ಗೌರಕ್ಕ. ರೇಷ್ಮೆ ಬೆಳೆಗಾರ್ತಿ. ಕನಕಪುರ-ಮಳವಳ್ಳಿ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ನಾಲ್ಕು ಜನ ಗೌರಕ್ಕಂದಿರು ಸಿಕ್ಕೇ ಸಿಗುತ್ತಾರೆ, ಆದ್ದರಿಂದ ಯಾರೂ ಇದು ನಾನೇ ಅಂದುಕೊಳ್ಳಬೇಕಾಗಿಲ್ಲ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಸುತ್ತಿದ ಟವೆಲ್ಲು, ಸೊಂಟದಲ್ಲಿ ಉಬ್ಬಿಕೊಂಡ ಎಲೆಅಡಿಕೆ ಸಂಚಿ. ಬಂದಳಲ್ಲವೇ ಕಣ್ಣ ಮುಂದೆ?

ಮೊದಲ ಗೀಚುಗಳನ್ನು ನಾನು ಅಂಚೆ ಚೀಟಿಯಷ್ಟು ಚಿಕ್ಕದಾಗಿಯೇ ಮಾಡುತ್ತೇನೆ. ಚಿಕ್ಕದಾದಾಗ ಕಣ್ಣುರೆಪ್ಪೆ, ಬಳೆ, ಗುಂಡಿ ಯಾವುದಕ್ಕೂ ಜಾಗವಿರುವುದಿಲ್ಲ, ಮೈಯ ನಿಲುವೊಂದೇ ಉಳಿಯುತ್ತದೆ. ಆಮೇಲೆ ಆ ಆಕಾರಕ್ಕೆ ಪೂರ್ತಿ ಕಪ್ಪು ತುಂಬಿಬಿಡುತ್ತೇನೆ. ಬರಿಯ ನೆರಳು. ನೆರಳಿನಲ್ಲೇ ಇವಳು ಯಾರು ಅಂತ ಗೊತ್ತಾದರೆ ಮುಂದಿನ ಕೆಲಸಕ್ಕೆ ಅರ್ಥ. ಪಕ್ಕದ ಮನೆಯ ದೊಡ್ಡವ್ವ ಒಮ್ಮೆ ಹೀಗೆ ಕಪ್ಪು ತುಂಬಿದ ನಾಲ್ಕಾರು ಆಕಾರಗಳನ್ನು ಇಣುಕಿ ನೋಡಿದರು. ಕಣ್ಣಿಲ್ಲ, ಮೂಗಿಲ್ಲ ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಒಂದರ ಮೇಲೆ ಬೆರಳಿಟ್ಟು, “ಮೂಗಿಲ್ದಿದ್ರೂ ನಡೀತದೆ ಕಣ್ಲಾ ಮಗ, ಇವಳ ಸೊಂಟದಲ್ಲಿ ಸಂಚಿ ಎಲ್ಲಿ? ಸಂಚಿ ಇಲ್ದೆ ಯಾವಳು ವಲಕ್ಕೆ ವೋಯ್ತಾಳೆ?” ಅಂದರು. ಚಿತ್ರಕಲೆಯ ತರಗತಿಯಲ್ಲಿ ಎರಡು ವರ್ಷ ಹೇಳುವ ಪಾಠ ಅದು. ಆ ಆಕಾರಗಳಲ್ಲಿ ಸಂಚಿ ಇದ್ದದ್ದನ್ನೇ ಮುಂದಕ್ಕೆ ತೆಗೆದುಕೊಂಡೆ.

ಇನ್ನು ನೀಲಿ ಗೀಚು. ಕಂಪ್ಯೂಟರಿನಲ್ಲಿ ಬರೆಯುವವರು ಕಚ್ಚಾ ಗೆರೆಗಳನ್ನು ತಿಳಿನೀಲಿಯಲ್ಲಿ ಎಳೆಯುವುದನ್ನು ನೋಡಿರಬಹುದು. ಇದು ಬರೀ ಶೋಕಿ ಅಲ್ಲ. ಹಿಂದೆ ಅಚ್ಚಿಗಾಗಿ ಚಿತ್ರದ ಫೋಟೊ ತೆಗೆಯುತ್ತಿದ್ದ ದೊಡ್ಡ ಕ್ಯಾಮೆರಾಗಳ ಫಿಲ್ಮಿಗೆ ತಿಳಿನೀಲಿಯೂ ಬಿಳಿಯೂ ಒಂದೇ. ಆದ್ದರಿಂದ ಕಲಾವಿದರು ನೀಲಿ ಪೆನ್ಸಿಲ್ಲಿನಲ್ಲಿ ಗೀಚಿ, ಅದರ ಮೇಲೆ ಕಪ್ಪು ಇಂಕಿನಲ್ಲಿ ತಿದ್ದಿ, ನೀಲಿಯನ್ನು ಅಳಿಸುವ ಗೋಜಿಗೇ ಹೋಗದೆ ಕಳಿಸಿಬಿಡುತ್ತಿದ್ದರು. ಕಪ್ಪು ಮಾತ್ರ ಅಚ್ಚಾಗುತ್ತಿತ್ತು. ಆ ಕ್ಯಾಮೆರಾ ಹೋಗಿ ಎಷ್ಟೋ ಕಾಲವಾಯಿತು, ನೀಲಿ ಉಳಿದಿದೆ. ಇವತ್ತು ಅದಕ್ಕೆ ಬೇರೆ ಉಪಯೋಗ: ಮೇಲೆ ಎಳೆಯುವ ಕಪ್ಪು ಗೆರೆ ಕಣ್ಣಿಗೆ ಗೊಂದಲವಿಲ್ಲದೆ ಕಾಣುತ್ತದೆ.

ಲೇಯರ್ ಅನ್ನುವುದು ಇಲ್ಲಿ ಮುಖ್ಯ. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು ಅಂತ ತಿಳಿಯಿರಿ. ಕೆಳಗಿನದ್ದರಲ್ಲಿ ನೀಲಿ ಗೀಚು, ಅದರ ಮೇಲಿನದ್ದರಲ್ಲಿ ಕಪ್ಪು ಗೆರೆ, ನಡುವೆ ಬಣ್ಣ, ಎಲ್ಲಕ್ಕಿಂತ ಮೇಲೆ ಮಾತು. ಯಾವುದನ್ನು ಬೇಕಾದರೂ ಮಸುಕು ಮಾಡಬಹುದು, ಮುಚ್ಚಿಡಬಹುದು, ಕಿತ್ತೆಸೆಯಬಹುದು, ಮಿಕ್ಕದ್ದಕ್ಕೆ ಏನೂ ಆಗುವುದಿಲ್ಲ. ಹಿಂದೆ ಇದೇ ಕೆಲಸಕ್ಕೆ ಗಾಜಿನ ಮೇಜು, ಕೆಳಗೊಂದು ಬಲ್ಬು, ಮೇಲೆ ತೆಳು ಕಾಗದ ಬೇಕಿತ್ತು.

ಗೌರಕ್ಕನ ಅಳತೆ ಮೂರೂವರೆ ತಲೆ. ಅಂದರೆ ಅವಳ ತಲೆಯ ಉದ್ದದ ಮೂರೂವರೆ ಪಟ್ಟು ಅವಳ ಎತ್ತರ. ನಿಜವಾದ ಮನುಷ್ಯರು ಸುಮಾರು ಏಳೂವರೆ ತಲೆ ಇರುತ್ತಾರೆ. ನಗಿಸುವ ಪಾತ್ರಕ್ಕೆ ತಲೆ ದೊಡ್ಡದಿದ್ದರೆ ಮುಖಭಾವ ಚಿಕ್ಕ ಚೌಕದಲ್ಲೂ ಕಾಣುತ್ತದೆ. ಮೈಯನ್ನು ಕಟ್ಟುವುದು ದುಂಡು, ಕೊಳವೆ, ಮೊಟ್ಟೆಯಾಕಾರಗಳಿಂದ. ನಮ್ಮಿಂದ ಚನ್ನಪಟ್ಟಣ ಎಷ್ಟು ದೂರ ಹೇಳಿ! ಅಲ್ಲಿಯ ಬೊಂಬೆ ಕೆಲಸದವರು ಆಲೆಮರದ ತುಂಡನ್ನು ಚರಕಿಗೆ ಕಚ್ಚಿಸಿ ತಿರುಗಿಸುತ್ತ ಉಳಿ ಹಿಡಿದಾಗ ಬರುವುದೆಲ್ಲ ದುಂಡು ಆಕಾರವೇ, ತಿರುಗುವ ಮರದಿಂದ ಬೇರೆ ಆಕಾರ ಬರುವುದೂ ಇಲ್ಲ. ಆ ಕಟ್ಟುಪಾಡಿನೊಳಗೇ ಅವರು ರಾಜ, ರಾಣಿ, ಪೋಲೀಸು ಎಲ್ಲರನ್ನೂ ತೆಗೆಯುತ್ತಾರೆ. ಅದೇ ತುಂಡಿನ ಮೇಲೆ ಅರಗಿನ ಬಣ್ಣದ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೆ ಬಣ್ಣ ಕರಗಿ ಹಿಡಿಯುತ್ತದೆ. ನಾನು ಹೊಸಬರಿಗೆ ಹೇಳುವುದು ಇಷ್ಟೇ: ಚರಕಿಯ ಮೇಲೆ ತೆಗೆಯಲು ಬಾರದ ಆಕಾರವನ್ನು ನಿಮ್ಮ ಪಾತ್ರದ ಮುಂಡಕ್ಕೆ ಕೊಡಬೇಡಿ. ಕೈಕಾಲಿಗೆ, ಸೆರಗಿಗೆ ಬೇಕಾದರೆ ಕೊಡಿ.

ಒಂದು ಚಿತ್ರ ಚೆನ್ನಾಗಿ ಬಂದರೆ ಪಾತ್ರ ಬಂದ ಹಾಗಲ್ಲ. ಎದುರಿನಿಂದ, ಓರೆಯಿಂದ, ಪಕ್ಕದಿಂದ, ಬೆನ್ನ ಕಡೆಯಿಂದ ನಾಲ್ಕೂ ನಿಲುವನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಿಟ್ಟುಕೊಳ್ಳಬೇಕು. ಅಡ್ಡಗೆರೆ ಎಳೆದರೆ ಕಣ್ಣು, ಭುಜ, ಸಂಚಿ, ಮೊಣಕಾಲು ನಾಲ್ಕರಲ್ಲೂ ಒಂದೇ ಎತ್ತರದಲ್ಲಿ ಸಿಗಬೇಕು. ಗೌರಕ್ಕನ ಬೆನ್ನು ನನಗೆ ಬಹಳ ಇಷ್ಟ. ಅಂಗಿಯ ಬೆನ್ನಿನಲ್ಲಿ ಒಂದು ತೇಪೆ ಇದೆ. ಹಿಪ್ಪುನೇರಳೆ ಕಡ್ಡಿ ಕತ್ತರಿಸಿ ಹೊರೆ ಹೊತ್ತವಳ ಬಲಭುಜ ಎಡಕ್ಕಿಂತ ತುಸು ಇಳಿದಿದೆ. ಮುಖದ ಮೇಲೆ ಎಷ್ಟು ಕುಸುರಿ ಮಾಡಿದರೂ ಆ ಭುಜ ಹೇಳುವಷ್ಟು ಹೇಳುವುದಿಲ್ಲ.

ಇಲ್ಲಿಯವರೆಗೆ ಕಂಪ್ಯೂಟರು ಇಲ್ಲದೆಯೂ ನಡೆಯುತ್ತಿತ್ತು. ಇನ್ನು ಮುಂದೆ ಅದರ ಉಪಕಾರವೂ ಇದೆ, ಉಪದ್ರವವೂ ಇದೆ.

ಪೆನ್ ಟ್ಯಾಬ್ಲೆಟ್ಟು ಎಂದರೆ ಒಂದು ಹಲಗೆ, ಅದರ ಮೇಲೆ ಓಡುವ ಕಡ್ಡಿ. ಒತ್ತಿದರೆ ಗೆರೆ ದಪ್ಪ, ಹಗುರ ಮಾಡಿದರೆ ಸಣ್ಣ. ಈಗಿನ ಎಷ್ಟೋ ಹಲಗೆಗಳು ಒತ್ತಡದ 8192 ಮಟ್ಟಗಳನ್ನು ಗುರುತಿಸುತ್ತವೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಗುರುತಿಸಲಿ, ಸಂತೋಷ. ನಮ್ಮ ಕೈ ಬೇಕೆಂದು ಕೊಡುವುದು ನಾಲ್ಕೋ ಐದೋ ಮಟ್ಟ. ಆದ್ದರಿಂದ ದುಬಾರಿ ಹಲಗೆ ಕೊಂಡರೆ ಗೆರೆ ಚೆನ್ನಾಗುತ್ತದೆ ಅಂತ ಯಾರಾದರೂ ಹೇಳಿದರೆ ದುಡ್ಡು ಜೇಬಿನಲ್ಲೇ ಇರಲಿ. ತಂತ್ರಾಂಶಕ್ಕಂತೂ ದುಡ್ಡೇ ಬೇಡ. ಕ್ರಿಟಾ ಅನ್ನುವುದು ಸ್ವತಂತ್ರ ತಂತ್ರಾಂಶ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಕಾಮಿಕ್ಕಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಹಾಳೆ ಮಾತ್ರ ಮೊದಲೇ ದೊಡ್ಡದು ತೆರೆಯಬೇಕು. ಎ4 ಪುಟ ಒಂದು ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 2480ಕ್ಕೆ 3508 ಚುಕ್ಕಿ. ಅಪ್ಪಟ ಕಪ್ಪು ಗೆರೆಯ ಚಿತ್ರವಾದರೆ 600ರ ಲೆಕ್ಕ ಒಳ್ಳೆಯದು. ಚಿಕ್ಕದಾಗಿ ಬರೆದು ಆಮೇಲೆ ಹಿಗ್ಗಿಸಿದರೆ ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಅಚ್ಚಿನಲ್ಲಿ ಕಾಣುತ್ತದೆ.

ಈಗ ಇಂಕಿಂಗ್. ನೀಲಿ ಗೀಚನ್ನು ಮಸುಕು ಮಾಡಿ, ಮೇಲಿನ ಲೇಯರಿನಲ್ಲಿ ಕೊನೆಯ ಗೆರೆ ಎಳೆಯುವ ಹಂತ. ಎಷ್ಟೋ ಒಳ್ಳೆಯ ಪಾತ್ರಗಳು ಸಾಯುವುದು ಇಲ್ಲೇ. ಗೀಚಿನಲ್ಲಿ ಕೈ ಭುಜದಿಂದ ಓಡಿರುತ್ತದೆ, ಇಂಕಿಗೆ ಬಂದ ಕೂಡಲೇ ಮಣಿಕಟ್ಟಿಗೆ ಇಳಿದು ಹೆದರಿ ಹೆದರಿ ನಡೆಯುತ್ತದೆ. ಗೀಚಿನಲ್ಲಿ ಗೌರಕ್ಕ ಬೈಯುತ್ತಿದ್ದಳು, ಇಂಕಿನಲ್ಲಿ ಫೋಟೊಕ್ಕೆ ನಿಂತಿದ್ದಾಳೆ! ಕುಂಚದಲ್ಲಿ ನೇರ ಇಂಕು ಹಾಕುತ್ತಿದ್ದ ಹಳಬರಿಗೆ ಈ ಕಾಯಿಲೆ ಕಡಿಮೆ ಇತ್ತು, ಯಾಕೆಂದರೆ ತಪ್ಪಿದರೆ ಬಿಳಿ ಬಣ್ಣ ಬಳಿಯಬೇಕು, ಇಲ್ಲವೇ ಹಾಳೆ ಹರಿಯಬೇಕು. ಹೊರಟ ಕೈ ಹೊರಟೇ ಹೋಗುತ್ತಿತ್ತು. ನಮಗೆ ಅಂಡೂ ಇದೆ. ಎರಡು ಗುಂಡಿ ಒತ್ತಿದರೆ ಗೆರೆ ಮಾಯ. ಮತ್ತೆ ಎಳೆ, ಮತ್ತೆ ಮಾಯ. ಒಂದು ಹುಬ್ಬನ್ನು ಇಪ್ಪತ್ತು ಸಲ ಎಳೆದವರನ್ನು ನಾನು ಬಲ್ಲೆ. ಇಪ್ಪತ್ತನೆಯದು ಮೊದಲನೆಯದಕ್ಕಿಂತ ನುಣುಪಾಗಿರುತ್ತದೆ, ಆದರೆ ಹುಬ್ಬು ಗಂಟಿಕ್ಕಿದ್ದ ಕಾರಣ ಆ ಹೊತ್ತಿಗೆ ಮರೆತೇ ಹೋಗಿರುತ್ತದೆ.

ಯಂತ್ರ ಬಂದದ್ದರಿಂದ ಬರೆಯುವುದು ಸುಲಭವಾಯಿತು ಅನ್ನುತ್ತಾರೆ. ನನ್ನ ಮಟ್ಟಿಗೆ ಸುಲಭವಾದದ್ದು ತಿದ್ದುವುದು. ಅದು ಸುಲಭವಾದಷ್ಟೂ ಎಲ್ಲಿ ಕೈ ಎತ್ತಬೇಕು ಅನ್ನುವುದು ಕಷ್ಟವಾಗಿದೆ. ಲಕ್ಷ್ಮಣ್ ಅವರಿಗೆ ಪತ್ರಿಕೆಯ ಗಡಿಯಾರ ‘ಸಾಕು’ ಅನ್ನುತ್ತಿತ್ತು. ಲ್ಯಾಪ್‌ಟಾಪು ಎಂದೂ ಸಾಕು ಅನ್ನುವುದಿಲ್ಲ. ನಮ್ಮ ಕಡೆ ಕರೆಂಟು ಹೋದಾಗ ಒಂದೊಂದು ಸಲ ಆ ಮಾತು ಬರುತ್ತದೆ, ಅದೂ ಬ್ಯಾಟರಿ ಇರುವವರಿಗೆ ತಡವಾಗಿ.

ಇನ್ನೊಂದು ಬಲೆ, ಝೂಮ್. ಕಣ್ಣನ್ನು ನಾಲ್ಕು ಪಟ್ಟು ಹಿಗ್ಗಿಸಿ ರೆಪ್ಪೆಯ ಕೂದಲು ಎಣಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಚ್ಚಾದ ಪುಟದಲ್ಲಿ ಆ ಕಣ್ಣು ಸಾಸಿವೆ ಕಾಳಿನಷ್ಟು. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಚಿಕ್ಕ ಕಿಟಕಿ ತೆರೆದು ಅಚ್ಚಿನ ಅಳತೆಯಲ್ಲಿ ಅದೇ ಚಿತ್ರ ಕಾಣುವಂತೆ ಇಟ್ಟುಕೊಳ್ಳುತ್ತೇನೆ. ಕಣ್ಣು ಹೋಗಬೇಕಾದ್ದು ಆ ಕಿಟಕಿಗೆ. ಗೆರೆ ನಡುಗದಂತೆ ಸರಿಮಾಡುವ ಸ್ಟೆಬಿಲೈಸರನ್ನೂ ಅಂಗಿಯ ಉದ್ದ ಮಡಿಕೆಗೆ ಹಾಕುತ್ತೇನೆ, ಮುಖಕ್ಕೆ ಹಾಕುವುದಿಲ್ಲ. ಐವತ್ತು ದಾಟಿದ ಹೆಂಗಸಿನ ಕೆನ್ನೆಗೆರೆ ಒಂದಿಷ್ಟು ನಡುಗಿದರೆ ಯಾರ ಗಂಟು ಹೋಗುತ್ತದೆ?

ಮತ್ತೊಂದು ಬಲೆ ನಕಲು ತೆಗೆದು ಅಂಟಿಸುವುದು, ಅದಕ್ಕೆ ಚಂದ್ರಿಕೆಯ ವಿಷಯ ಹೇಳಲೇಬೇಕು. ರೇಷ್ಮೆ ಹುಳ ನಾಲ್ಕು ಜ್ವರ ಕಳೆದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಮೇದು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಆಳೆತ್ತರ ಇರುತ್ತದೆ. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದ್ದರೂ ಚಿತ್ರಕ್ಕೆ ಚಂದ್ರಿಕೆಯೇ ಚೆಂದ. ಗೌರಕ್ಕ ಎರಡು ಚಂದ್ರಿಕೆಗಳನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸುವ ಒಂದು ಚೌಕ ಇದೆ. ಕಂಪ್ಯೂಟರಿನಲ್ಲಿ ಇದು ಎರಡು ನಿಮಿಷದ ಕೆಲಸ ಅನ್ನಿಸುತ್ತದೆ: ಒಂದು ಸುರುಳಿ ಬರೆ, ನಕಲು ತೆಗೆ, ತಟ್ಟಿಯ ತುಂಬ ಅಂಟಿಸು. ಅಂಟಿಸಿ ನೋಡಿದರೆ ತಟ್ಟಿ ಗೋಡೆಗೆ ಹಚ್ಚಿದ ಕಾಗದದ ಹಾಗೆ ಚಪ್ಪಟೆಯಾಗಿ ಕೂರುತ್ತದೆ, ಗೌರಕ್ಕ ಅದರ ಮುಂದೆ ಕತ್ತರಿಸಿಟ್ಟ ಬೊಂಬೆ. ಬಿದಿರಿನ ಸುರುಳಿ ಒಂದರಂತೆ ಇನ್ನೊಂದು ಇರುವುದಿಲ್ಲ, ಕಣ್ಣಿಗೆ ಹತ್ತಿರದ್ದು ಅಗಲ, ದೂರದ್ದು ಒತ್ತೊತ್ತು. ಹಾಗಾಗಿ ಅವಳ ಕೈ ಹಿಡಿದ ಮೂಲೆಯಲ್ಲಿ ಐದಾರು ಸುರುಳಿಯನ್ನು ಕೈಯಾರೆ ಪೂರ್ತಿ ಬರೆದು, ಆಚೆ ಹೋದಂತೆ ಅರ್ಧ, ಕಾಲು, ಬರೀ ಒಂದು ಕೊಂಕು, ಆಮೇಲೆ ಖಾಲಿ. ಖಾಲಿಯನ್ನು ಓದುವವರ ಕಣ್ಣು ತುಂಬಿಕೊಳ್ಳುತ್ತದೆ.

ಬಣ್ಣಕ್ಕೆ ಬರೋಣ. ಮೊದಲು ಚರ್ಮಕ್ಕೊಂದು, ಅಂಗಿಗೊಂದು, ಸೀರೆಗೊಂದು ಅಂತ ನೆರಳು ಬೆಳಕಿಲ್ಲದ ಮಟ್ಟಸ ಬಣ್ಣ ತುಂಬುತ್ತೇವೆ, ಇದನ್ನು ಫ್ಲ್ಯಾಟ್ಸ್ ಅನ್ನುತ್ತಾರೆ. ಬೇಜಾರಿನ ಕೆಲಸ, ಹಾಡು ಕೇಳುತ್ತ ಮಾಡಬಹುದು. ಬಣ್ಣ ಆರಿಸುವಾಗ ಮಾತ್ರ ಬುದ್ಧಿ ಎಚ್ಚರವಿರಬೇಕು. ಅಮೆರಿಕದ ಹಲ್ಕ್ ಅನ್ನುವ ದೈತ್ಯನನ್ನು ಸಿನಿಮಾದಲ್ಲಿ ನೋಡಿದ್ದೀರಿ, ಹಸಿರು ಮೈಯವನು. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದುಬಣ್ಣದವನಾಗಿದ್ದ. ಆ ಬೂದಿಯನ್ನು ಪುಟದಿಂದ ಪುಟಕ್ಕೆ ಒಂದೇ ಸಮ ಹಿಡಿಯಲು ಅಚ್ಚಿನವರಿಗೆ ಆಗಲಿಲ್ಲ. ಎರಡನೆಯ ಸಂಚಿಕೆಗೆ ಹಸಿರಾದ, ಹಸಿರಾಗಿಯೇ ಜಗತ್ಪ್ರಸಿದ್ಧನಾದ. ಪರದೆಯ ಮೇಲೆ ಬೆಳಕಿನಿಂದ ಹೊಳೆಯುವ ಗಿಳಿಹಸಿರು ಪತ್ರಿಕೆಯ ಕಾಗದದ ಮೇಲೆ ನಾಲ್ಕು ಇಂಕುಗಳಲ್ಲಿ ಇಳಿದಾಗ ಮಂಕಾಗುತ್ತದೆ. ಗೌರಕ್ಕನ ಸೀರೆಗೆ ಗಿಳಿಹಸಿರು ಒಪ್ಪುತ್ತಿತ್ತು, ಆದರೆ ಹಿಂದೆ ಹಿಪ್ಪುನೇರಳೆ ತೋಟ ಬಂದರೆ ಅವಳು ಅದರಲ್ಲೇ ಕರಗಿಹೋಗುತ್ತಾಳೆ. ಸಾತನೂರಿನ ಹಿನ್ನೆಲೆ ಎಂದರೆ ಮೂರೇ ಬಣ್ಣ: ಕೆಂಪು ಮಣ್ಣು, ಸೊಪ್ಪಿನ ಹಸಿರು, ಕಬ್ಬಾಳದುರ್ಗದ ಕಡೆ ಎದ್ದು ನಿಂತ ಬಂಡೆಯ ಬೂದಿ. ಮೂರರ ಮುಂದೆಯೂ ಎದ್ದು ಕಾಣುವುದು ಮಾಸಿದ ನೀಲಿ ಅಂಗಿ, ಅರಿಸಿನ ಬಣ್ಣದ ಸೀರೆ. ನೆರಳಿಗೆ ಒಂದೇ ಬಣ್ಣ ಸಾಕು, ಮಲ್ಟಿಪ್ಲೈ ಲೇಯರಿನಲ್ಲಿ ತಿಳಿನೇರಳೆ ಹಚ್ಚಿದರೆ ಕೆಳಗಿನ ಬಣ್ಣ ತಾನೇ ಕಪ್ಪಾಗುತ್ತದೆ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆ ತೀರ್ಮಾನಿಸಿ ಅದಕ್ಕೆ ಬದ್ಧರಾದರೆ ಆಯಿತು. ಅಂಗಿಯ ನೂಲು, ಚರ್ಮದ ಹೊಳಪು ಎಂದು ಹೊರಟವರು ಕಾಮಿಕ್ ಬರೆಯುವುದನ್ನು ಬಿಟ್ಟು ಕ್ಯಾಲೆಂಡರ್ ಬರೆಯುತ್ತಾರೆ.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಪೆನ್ಸಿಲಿಗೆ ಒಬ್ಬ, ಇಂಕಿಗೆ ಒಬ್ಬ, ಬಣ್ಣಕ್ಕೆ ಒಬ್ಬ, ಅಕ್ಷರಕ್ಕೆ ಒಬ್ಬ. ಇಲ್ಲಿ ನಾಲ್ಕೂ ಒಬ್ಬರ ತಲೆಗೇ. ಇವುಗಳಲ್ಲಿ ನಮ್ಮವರು ತೀರಾ ಅಸಡ್ಡೆ ಮಾಡುವುದು ಅಕ್ಷರವನ್ನು. ಕನ್ನಡಕ್ಕೆ ಕಾಮಿಕ್ ಹೊಸತೇನಲ್ಲ. ಅಮರ ಚಿತ್ರಕಥೆಯ ಹೆಸರು ಮೊದಲು ಕಾಣಿಸಿಕೊಂಡದ್ದೇ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಹೊರದೇಶದ ಕಿನ್ನರ ಕಥೆಗಳು ಆ ಹೆಸರಿನಲ್ಲಿ ಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಕೃಷ್ಣ’ ಬಂದದ್ದು ಆಮೇಲೆ, ಅದಕ್ಕೇ ಅದರ ಮೇಲೆ 11 ಎಂಬ ಸಂಖ್ಯೆ. ಇಷ್ಟು ಹಳೆಯ ನಂಟಿದ್ದರೂ ಮಾತಿನ ಗುಳ್ಳೆಯೊಳಗೆ ಕನ್ನಡವನ್ನು ಕೂರಿಸುವಾಗ ಇಂಗ್ಲಿಷಿನ ಅಳತೆಯನ್ನೇ ಹಿಡಿಯುತ್ತೇವೆ. ಇಂಗ್ಲಿಷ್ ಕಾಮಿಕ್ಕಿನಲ್ಲಿ ದೊಡ್ಡಕ್ಷರಗಳು ಇಟ್ಟಿಗೆ ಜೋಡಿಸಿದಂತೆ ಕೂರುತ್ತವೆ, ಮೇಲೂ ಚಾಚುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲಿನ ಅಂತರ ಹಾಗೇ ಬಿಟ್ಟರೆ ಮೇಲಿನ ಸಾಲಿನ ತಾವೊತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಂತರ ಹೆಚ್ಚಿಸಿದರೆ ಗುಳ್ಳೆ ದೊಡ್ಡದಾಗಿ ಪಾತ್ರದ ತಲೆಯನ್ನೇ ನುಂಗುತ್ತದೆ. ಆದ್ದರಿಂದ ಗುಳ್ಳೆಯ ಜಾಗವನ್ನು ನೀಲಿ ಗೀಚಿನಲ್ಲೇ, ಮುಖಕ್ಕಿಂತ ಮೊದಲೇ ಗುರುತು ಮಾಡಬೇಕು. ಅಕ್ಷರ ಬೇಕಾದಷ್ಟಿವೆ. ಏಕ್ ಟೈಪ್ ತಂಡದವರ ‘ಬಾಲೂ ತಮ್ಮ’ ಪುಕ್ಕಟೆ ಸಿಗುತ್ತದೆ, ದುಂಡುದುಂಡಾಗಿ ತಮಾಷೆಯ ಮಾತಿಗೆ ಒಪ್ಪುತ್ತದೆ. ಗೌರಕ್ಕ ಕೂಗಿ ಹೇಳುವ ಮಾತನ್ನು ಮಾತ್ರ ನಾನು ಕೈಯಲ್ಲೇ ಬರೆಯುತ್ತೇನೆ.

ಹೌದು, ಇವಳು ಶ್ರೀಸಾಮಾನ್ಯನ ಹಾಗೆ ಬಾಯಿ ಮುಚ್ಚಿಕೊಂಡು ನಿಲ್ಲುವವಳಲ್ಲ. ಮೊದಲ ಪುಟದಲ್ಲಿ ಟಿವಿಎಸ್ ಗಾಡಿಯ ಹಿಂದೆ ಗೂಡಿನ ಮೂಟೆ ಅಪ್ಪಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಿದ್ದಾಳೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಗೂಡಿನ ಮಾರುಕಟ್ಟೆ ಅದು. ಗಾಡಿ ಓಡಿಸುವ ತಮ್ಮನ ಮಗ ಮೊಬೈಲು ನೋಡಿ ರೇಟು ಇಳಿದಿದೆ ಎಂದು ಗೊಣಗುತ್ತಾನೆ. ಅವಳು ಅನ್ನುತ್ತಾಳೆ: “ರೇಟು ಬಿದ್ದೋಯ್ತು ಅಂತ ಹುಳ ಮೇಯೋದ್ ಬುಡ್ತದೇನ್ಲಾ?” ಈ ಒಂದು ಸಾಲಿನಲ್ಲಿ ಎಷ್ಟು ಒತ್ತುಗಳು ಕೆಳಗೆ ನೇತಾಡುತ್ತವೆ ಎಂದು ಬರೆದು ನೋಡಿ, ಗುಳ್ಳೆಯ ತಾಪತ್ರಯ ತಿಳಿಯುತ್ತದೆ.

ಎರಡನೆಯ ಪುಟದಲ್ಲಿ ಅವಳನ್ನು ಮಾರುಕಟ್ಟೆಯಲ್ಲಿ ಲಾಟಿನ, ಅಂದರೆ ಮಾರಾಟಕ್ಕೆ ಸುರಿದ ಗೂಡಿನ ರಾಶಿಯ, ಮುಂದೆ ಕೂರಿಸಬೇಕು. ನಿಂತವಳನ್ನು ನಾಲ್ಕು ಕಡೆಯಿಂದ ಬರೆದಿಟ್ಟದ್ದಾಯಿತು, ಕುಕ್ಕರುಗಾಲಿನಲ್ಲಿ ಕೂತಾಗ ಮೂರೂವರೆ ತಲೆಯ ಹೆಂಗಸಿನ ಮೊಣಕಾಲು ಗಲ್ಲಕ್ಕೆ ಬಡಿಯುತ್ತದೆ, ಸಂಚಿ ಮರೆಯಾಗುತ್ತದೆ. ಸಂಚಿ ಮರೆಯಾದರೆ ದೊಡ್ಡವ್ವ ಸುಮ್ಮನಿರುವುದಿಲ್ಲ. ಅದನ್ನು ಸೊಂಟದಿಂದ ತೆಗೆದು ಕೈಗೆ ಕೊಟ್ಟು, ಗೂಡು ಕೊಳ್ಳುವ ರೀಲರು ಬೆಲೆ ಹೇಳುವ ಹೊತ್ತಿಗೆ ಸರಿಯಾಗಿ ಎಲೆಗೆ ಸುಣ್ಣ ಹಚ್ಚುತ್ತಿರುವಂತೆ ಗೀಚಿ ನೋಡಿದ್ದೇನೆ. ಸದ್ಯಕ್ಕೆ ನೀಲಿಯಲ್ಲೇ ಇದೆ.